ಅಪ್ಪನ ಕಾಲಿಗೆ ಬಂಬಿನ ನೀರು

ನೀರು ಕಾಯಿಸುವ ಆ ಬಂಬನ್ನು ನಾನು ಏಳು ವರ್ಷ ಉರಿಸಿದೆ. ಅದರ ನೀರು ನನ್ನ ಮೈಮೇಲೆ ಬಿದ್ದದ್ದು ಕೈಬೆರಳಲ್ಲಿ ಎಣಿಸುವಷ್ಟು ಸಲ, ಅದೂ ಹಬ್ಬಕ್ಕೆ. ಈಗ ಯಾರಾದರೂ ನನ್ನೆದುರು ಕೂತು ತಾಮ್ರದ ಬಂಬಿನ ನೀರಿನ ಹಿತವೇ ಬೇರೆ, ಆ ಕಾಲವೇ ಬೇರೆ ಎಂದು ಹೊಗಳಲು ಶುರು ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಿತ ಯಾರಿಗೆ? ಬಚ್ಚಲ ಕಲ್ಲಿನ ಮೇಲೆ ಕಾಲು ಚಾಚಿ ಕುಳಿತವರಿಗೆ. ಒಲೆಯ ಬಾಯಿಗೆ ಮುಖ ಕೊಟ್ಟು ಊದಿದವರನ್ನೂ ಒಂದು ಸಲ ಕೇಳಬೇಕು.

ನನ್ನ ತವರು ಸೊರಡಿ. ಮದುವೆಯಾಗಿ ಹೋದ ಊರು ಗುಡ್ಡಾಪುರಕ್ಕೆ ನಡೆದು ಹೋಗುವವರ ದಾರಿಯಲ್ಲಿತ್ತು. ಜತ್ತ ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದು ಎರಡು ವರ್ಷವಾಗಿತ್ತೇನೋ, ನನಗೆ ಹದಿನೈದು ತುಂಬಿತ್ತು. ತವರಿನಲ್ಲಿ ಮಳೆ ನಂಬಿದ ಒಂದು ತುಂಡು ಹೊಲ, ಒಂದು ಜೋಡಿ ಎತ್ತು, ಒಂದು ಎಮ್ಮೆ. ಗಂಡನ ಮನೆಯಲ್ಲಿ ಹೊಲವೂ ಇತ್ತು, ಕಿರಾಣಿ ಅಂಗಡಿಯೂ ಇತ್ತು. ನಮ್ಮ ಓಣಿಯ ಹೆಂಗಸರೆಲ್ಲ, 'ಹುಡಗಿ ನಸೀಬ ತಗದೈತಿ ನೋಡವ್ವಾ, ಎಂಥಾ ಮನಿ ಸಿಕ್ತು' ಎಂದು ಹರಸಿ ಕಳಿಸಿದರು. ನಾನೂ ಹಾಗೇ ಅಂದುಕೊಂಡು ಬಂಡಿ ಹತ್ತಿದೆ.

ಬಂಬ್ ಬಂದದ್ದು ನಾನು ಹೋದ ಮರುವರ್ಷ. ಅಂಗಡಿಗೆ ಮಾಲು ತರಲು ಮಿರಜಿಗೆ ಹೋಗಿದ್ದ ಮಾವ ಅಲ್ಲಿಯ ಒಬ್ಬ ದೊಡ್ಡ ವ್ಯಾಪಾರಿಯ ಮನೆಯಲ್ಲಿ ಒಂದು ರಾತ್ರಿ ಉಳಿದರಂತೆ. ಬೆಳಗ್ಗೆ ಆ ಮನೆಯ ಬಂಬಿನ ನೀರಿನಲ್ಲಿ ಜಳಕ ಮಾಡಿದರಂತೆ. ಅಷ್ಟೇ ಸಾಕಾಯಿತು. ಮುಂದಿನ ಸಲ ಬಂಡಿಯಲ್ಲಿ ಬೆಲ್ಲದ ಪೆಂಟೆಗಳ ನಡುವೆ, ಗೋಣಿತಟ್ಟಿನಲ್ಲಿ ಸುತ್ತಿಸಿಕೊಂಡು ಅದು ಬಂದಿಳಿಯಿತು. ನನ್ನ ಸೊಂಟದೆತ್ತರದ ತಾಮ್ರದ ಉರುಟು ಕೊಡ. ನಡುವೆ ಮೇಲಿಂದ ಕೆಳಗಿನವರೆಗೆ ಒಂದು ಕೊಳವೆ. ಆ ಕೊಳವೆಯಲ್ಲಿ ಬೆಂಕಿ, ಅದರ ಸುತ್ತ ನೀರು. ಒಂದು ಬದಿಗೆ ನೀರು ಹಾಕುವ ಅಗಲ ಬಾಯಿ, ಇನ್ನೊಂದು ಬದಿಗೆ, ಮೇಲ್ಗಡೆ, ನೀರು ಬರುವ ಸೊಂಡಿ. ಓಣಿಯವರೆಲ್ಲ ಬಂದು ಮುಟ್ಟಿ ನೋಡಿದರು. 'ಶಿವನ! ದೇವರ ಮೂರ್ತಿ ಇದ್ದಂಗ ಐತಿ' ಎಂದು ಒಬ್ಬ ಮುದುಕಿ ಕೈಮುಗಿದೇ ಬಿಟ್ಟಳು. ಅಲ್ಲಿಯವರೆಗೆ ಹಿತ್ತಲಿನ ಮೂರು ಕಲ್ಲಿನ ಮೇಲೆ ಮಸಿ ಹಿಡಿದ ಹಂಡೆಯಿಟ್ಟು ನೀರು ಕಾಯಿಸುತ್ತಿದ್ದ ನನಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆ ಬಂಬಿನ ಕರಾಮತಿ ಏನೆಂದರೆ, ತಣ್ಣೀರು ಹಾಕಿದರೆ ಮಾತ್ರ ಬಿಸಿನೀರು ಕೊಡುತ್ತಿತ್ತು. ಈ ಬದಿಯ ಬಾಯಿಗೆ ಒಂದು ತಂಬಿಗೆ ತಣ್ಣೀರು ಸುರಿದರೆ ಆ ಬದಿಯ ಸೊಂಡಿಯಿಂದ ಒಂದು ತಂಬಿಗೆ ಬಿಸಿನೀರು ಬೀಳುತ್ತಿತ್ತು. ಹಾಕದಿದ್ದರೆ ಹನಿಯೂ ಇಲ್ಲ. ಹಾಗಾಗಿ ಅದು ಸದಾ ಕಂಠಮಟ್ಟ ತುಂಬಿಯೇ ಇರುತ್ತಿತ್ತು. ಮಲಗಿಸಿ ಬಗ್ಗಿಸಿದರೆ ಮಾತ್ರ ಖಾಲಿಯಾಗಬೇಕು. 'ಎಷ್ಟ ನ್ಯಾಯದ ಸಾಮಾನ ನೋಡ್ರಿ, ಕೊಟ್ರ ಕೊಡತೈತಿ' ಎಂದು ಮಾವ ಬಂದವರಿಗೆಲ್ಲ ತೋರಿಸುತ್ತಿದ್ದರು. ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ಬಾವಿ ಊರ ಹೊರಗಿತ್ತು. ಅಲ್ಲಿಂದ ಕೊಡ ಹೊತ್ತು ತರುತ್ತಿದ್ದವಳು ನಾನು. ಮಾವ ಜಳಕಕ್ಕೆ ಕೂತರೆ ನಾನು ಗೋಡೆಯ ಈಚೆ ನಿಂತು ಬಾಯಿಗೆ ತಣ್ಣೀರು ಸುರಿಯಬೇಕು, ಆಚೆ ಅವರ ಬಕೀಟಿಗೆ ಬಿಸಿನೀರು ಬೀಳಬೇಕು. 'ಹಾಂ, ಹಾಕು… ಹಾಕು… ಸಾಕು' ಎಂದು ಅವರು ಒಳಗಿನಿಂದ ಹೇಳುತ್ತಿದ್ದರು. ಆಮೇಲೆ ನನ್ನ ಗಂಡ. ಆಮೇಲೆ ಅತ್ತೆ. ಇವರೆಲ್ಲ ಜಳಕ ಮಾಡಿ ಲಿಂಗಪೂಜೆಗೆ ಕೂಡುವ ಹೊತ್ತಿಗೆ ಬಂಬಿನಲ್ಲಿ ಉಳಿಯುತ್ತಿದ್ದದ್ದು ನಾನೇ ಹಾಕಿದ ತಣ್ಣೀರು. ಬೆಂಕಿ ಇನ್ನೊಂದಿಷ್ಟು ಮಾಡೋಣವೆಂದರೆ ಅತ್ತೆ ಒಳಗಿಂದಲೇ ಕೂಗುತ್ತಿದ್ದರು: 'ಸಾಕು ಮಾಡ! ಕಟಗಿ ಏನ ಮಾಳಿಗಿ ಮ್ಯಾಲ ಬೆಳಿತಾವ?'

ಕಟ್ಟಿಗೆಯ ಮಾತು ಸುಳ್ಳಲ್ಲ. ನಮ್ಮ ಕಡೆ ಗಿಡವೆಂದರೆ ಜಾಲಿ, ಬೇವು, ಅಷ್ಟೇ. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಜೋಳದ ಕೂಳೆ, ಕುಳ್ಳು, ಇವುಗಳನ್ನೇ ಹೊಂದಿಸಿಕೊಂಡು ಉರಿಸಬೇಕು. ತೊಗರಿ ಕಟ್ಟಿಗೆ ಭರ್ ಎಂದು ಹತ್ತಿ ಅಷ್ಟೇ ಬೇಗ ಆರುತ್ತದೆ. ಕೂಳೆ ಹೊಗೆ ಕೊಡುತ್ತದೆ, ಬೆಂಕಿ ಕೊಡುವುದಿಲ್ಲ. ಜಾಲಿಯ ತುಂಡೊಂದೇ ನಿಂತು ಉರಿಯುವಂಥದು, ಆದರೆ ಅದರ ಮುಳ್ಳು ಅಂಗೈಯಲ್ಲಿ ಮುರಿದರೆ ವಾರಗಟ್ಟಲೆ ಕೀವು. ಇದನ್ನೆಲ್ಲ ಕಲಿತು ನಾನು ಕೋಳಿ ಕೂಗುವ ಮೊದಲೇ ಎದ್ದು ಉರಿ ಹಚ್ಚುತ್ತಿದ್ದೆ. ನನ್ನ ಜಳಕದ ಬಗ್ಗೆ ನಾನು ಅಷ್ಟು ತಲೆ ಕೆಡಿಸಿಕೊಂಡವಳಲ್ಲ. ಹದಿನಾರರ ಮೈ, ತಣ್ಣೀರು ತಡೆಯುತ್ತಿತ್ತು. ನನ್ನ ಹೊಟ್ಟೆ ಉರಿದದ್ದು ನನ್ನ ಅಪ್ಪನ ಕಾಲಿಗಾಗಿ.

ಅಪ್ಪ ಪ್ರತಿ ಅಮಾವಾಸ್ಯೆಗೆ ಗುಡ್ಡಾಪುರಕ್ಕೆ ದಾನಮ್ಮನ ದರ್ಶನಕ್ಕೆ ನಡೆದು ಹೋಗುತ್ತಿದ್ದ. ಎಷ್ಟೋ ವರ್ಷದ ಹರಕೆ, ಒಂದೂ ತಪ್ಪಿಸಿರಲಿಲ್ಲ. ನನ್ನ ಮದುವೆಯಾದ ಮೇಲೆ ಅಮಾವಾಸ್ಯೆಯ ಹಿಂದಿನ ಸಂಜೆಗೇ ನಮ್ಮೂರು ಮುಟ್ಟಿ, ಊರ ಗುಡಿಯಲ್ಲಿ ಮಲಗಿ, ಬೆಳಗಾದೊಡನೆ ನಮ್ಮ ಮನೆಗೆ ಬಂದು ನನ್ನ ಮುಖ ನೋಡಿ ಮುಂದೆ ಹೋಗುತ್ತಿದ್ದ. ಮನೆಯಲ್ಲಿ ಉಳಿಯುತ್ತಿರಲಿಲ್ಲ. ಮಗಳ ಹೊಟ್ಟೆಯಲ್ಲಿ ಒಂದು ಕೂಸು ಹುಟ್ಟುವವರೆಗೆ ಅವಳ ಮನೆಯಲ್ಲಿ ಒಂದು ಗುಟುಕು ನೀರನ್ನೂ ಕುಡಿಯಬಾರದು ಎಂದು ನಮ್ಮ ಕಡೆಯ ಹಿರಿಯರ ರೂಢಿ. ಹೆಗಲ ಮೇಲಿನ ಗಂಟಿನಲ್ಲಿ ಅವ್ವ ಕಟ್ಟಿಕೊಟ್ಟ ರೊಟ್ಟಿ, ಕೈಯಲ್ಲಿ ಒಂದು ಹಿತ್ತಾಳೆ ತಂಬಿಗೆ. ಆ ತಂಬಿಗೆಗೆ ಬಾವಿಯಲ್ಲಿ ನೀರು ತುಂಬಿಕೊಂಡೇ ಬರುತ್ತಿದ್ದ, ನಮ್ಮ ಮನೆಯಲ್ಲಿ ಬಾಯಾರಿದರೆ ಅದರಲ್ಲೇ ಕುಡಿಯಲು. ಜಗಲಿ ಕಟ್ಟೆಯ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತು, 'ಆರಾಮ ಇದ್ದೀ ಯವ್ವಾ?' ಅನ್ನುತ್ತಿದ್ದ. ನಾನು 'ಹೂಂ' ಅನ್ನುತ್ತಿದ್ದೆ. ಅಷ್ಟಕ್ಕೇ ಅಷ್ಟು ದೂರ ನಡೆದು ಬರುತ್ತಿದ್ದ ಆ ಮನುಷ್ಯ.

ಕುಡಿಯಲು ನಡೆಯದಿದ್ದರೂ ಕಾಲು ತೊಳೆಯಲು ನೀರು ನಡೆಯುತ್ತಿತ್ತು. ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುವುದು ನಮ್ಮಲ್ಲಿ ಬರ್ರಿ ಎನ್ನುವುದಕ್ಕಿಂತ ದೊಡ್ಡ ಮಾತು. ಅಂಗಡಿಯ ಕೆಲಸಕ್ಕೆ ಜತ್ತದಿಂದ ವ್ಯಾಪಾರಿಗಳು ಬಂದರೆ, ಕಂದಾಯದ ತಲಾಠಿ ಬಂದರೆ, ಅತ್ತೆಯ ತವರಿನವರು ಬಂದರೆ ಕಾಲಿಗೆ ಬಂಬಿನ ನೀರು. ನನ್ನ ಅಪ್ಪನಿಗೆ ಮಾತ್ರ ಅಂಗಳದ ಕಲ್ಲುಬಾನಿಯ ನೀರು. ಛಳಿಗಾಲದಲ್ಲಿ ರಾತ್ರಿಯೆಲ್ಲ ಬಯಲಲ್ಲಿ ನಿಂತ ಆ ನೀರು ಮುಟ್ಟಿದರೆ ಬೆರಳು ಸೆಟೆಯುತ್ತಿತ್ತು. ಅಪ್ಪನ ಹಿಮ್ಮಡಿಗಳು ಒಡೆದು ಕರಿಹೊಲದ ಬಿರುಕಿನಂತಾಗಿದ್ದವು, ಒಳಗೆ ಕೆಂಪಗೆ ಮಾಂಸ ಕಾಣುತ್ತಿತ್ತು. ತಣ್ಣೀರು ಬಿದ್ದೊಡನೆ ಹಲ್ಲು ಕಚ್ಚುತ್ತಿದ್ದ. ಆಮೇಲೆ ನನ್ನ ಕಡೆ ನೋಡಿ ನಗುತ್ತಿದ್ದ. ಆ ನಗು ಕಂಡರೆ ನನಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು.

ಒಂದು ಸಲ ಕೇಳಿಯೇ ಬಿಟ್ಟೆ. 'ಅತ್ತೀ, ಅಪ್ಪನ ಕಾಲ ಭಾಳ ಒಡದಾವ್ರಿ. ಒಂದ ತಂಬಿಗಿ ಬಿಸಿನೀರ ಕೊಡ್ಲೇನ್ರಿ?'

ಅತ್ತೆ ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತಲಿಲ್ಲ. 'ಹೆಣ್ಣ ಕೊಟ್ಟಾವರು ಹೆಣ್ಣ ಕೊಟ್ಟಾವರಂಗ ಇರಬೇಕು. ಇವತ್ತ ಕಾಲಿಗಿ ಬಿಸಿನೀರು, ನಾಳಿ ಮೈಗಿ. ನಮ್ಮಪ್ಪ ಇದ ಕಟ್ಟಿ ಮ್ಯಾಗ ಕುಂತು ತಣ್ಣೀರಾಗ ಕಾಲ ತೊಳಕೊಂಡ ಹೋಗ್ಯಾನ. ಏನ ಸತ್ತನೇನ?'

ಅವರ ತವರಿನವರಿಗೆ ಈಗ ಬಂಬಿನ ನೀರು ಸಿಗುತ್ತದಲ್ಲ ಎಂದು ನಾಲಗೆಯ ತುದಿಗೆ ಬಂದಿತ್ತು, ನುಂಗಿದೆ. ಅವರ ಅಪ್ಪನೂ ಇದೇ ಕಟ್ಟೆಯ ಮೇಲೆ ಹಲ್ಲು ಕಚ್ಚಿದ್ದನೆಂದು ಅವರಿಗೆ ನೆನಪಿತ್ತು. ನೆನಪಿದ್ದೂ ಹಾಗೆಂದರು. ಅದಕ್ಕೇ ನಾನು ಇಂದಿಗೂ ಅವರನ್ನು ಕ್ಷಮಿಸಿಲ್ಲ.

ನಾನು ನನ್ನದೇ ಒಂದು ಉಪಾಯ ಮಾಡಿದೆ. ಮಾವ ಏಳುವುದಕ್ಕಿಂತ ಇನ್ನೂ ಮೊದಲೇ ಎದ್ದು ಉರಿ ಹಚ್ಚುವುದು. ಅಪ್ಪ ಬರುವಷ್ಟರಲ್ಲಿ ಒಂದು ಬಕೀಟು ತಣ್ಣೀರು ಹಾಕಿ, ಅದಕ್ಕೆ ಸಮನಾಗಿ ಬಿಸಿನೀರು ತೆಗೆದಿಟ್ಟುಬಿಡುವುದು. ಬಂಬ್ ತುಂಬಿದ್ದೇ ತುಂಬಿರುತ್ತದೆ, ಲೆಕ್ಕ ತಪ್ಪುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಕೊಟ್ಟರೆ ಕೊಡುತ್ತದಲ್ಲ, ನಾನೇ ಕೊಡುತ್ತೇನೆ ಎಂದುಕೊಂಡೆ. ಇದಕ್ಕಾಗಿ ನಾಲ್ಕು ಜಾಲಿ ತುಂಡುಗಳನ್ನು ಕುಳ್ಳಿನ ಬಣವೆಯ ಹಿಂದೆ ಬಚ್ಚಿಟ್ಟಿದ್ದೆ.

ಅದು ನನ್ನ ಮದುವೆಯಾದ ಮೂರನೆಯ ವರ್ಷದ ಛಳಿಗಾಲ, ಅಮಾವಾಸ್ಯೆಯ ಹಿಂದಿನ ದಿನ. ನಾನು ಬೆಳಗಿನಿಂದ ಹೊಲದಲ್ಲಿದ್ದೆ, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದೆ. ಬಚ್ಚಲಲ್ಲಿ ಬಂಬ್ ಫಳಫಳ ಹೊಳೆಯುತ್ತಿತ್ತು. ಪ್ರತಿ ಅಮಾವಾಸ್ಯೆಗೆ ಅತ್ತೆ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು, ಅದೇನು ಹೊಸದಲ್ಲ. ನಾನು ಅದನ್ನೇ ನೋಡಿ ಒಳಗೆ ಹೋದೆ. ಆದರೆ ಆ ದಿನ ಅತ್ತೆ ಹೊರಗಷ್ಟೇ ತಿಕ್ಕಿರಲಿಲ್ಲ. ನಮ್ಮ ಬಾವಿಯ ಸವಳು ನೀರಿಗೆ ಬಂಬಿನ ಒಳಗೆ ಬೆಳ್ಳಗೆ ಉಪ್ಪಿನ ಹೆಕ್ಕಳೆ ಕಟ್ಟಿತ್ತು. ಅದನ್ನು ಬಿಡಿಸಲು ಬಂಬನ್ನು ಬಚ್ಚಲ ಕಲ್ಲಿನ ಮೇಲೆ ಮಲಗಿಸಿ, ನೀರೆಲ್ಲ ಚೆಲ್ಲಿ, ಒಳಗೆ ಹುಣಸೆನೀರು ಹಾಕಿ ಕುಲುಕಿ ತೊಳೆದಿದ್ದರು. ಮತ್ತೆ ಎಬ್ಬಿಸಿ ನಿಲ್ಲಿಸಿದರು. ತುಂಬಲು ಮನೆಯಲ್ಲಿ ನೀರು ಉಳಿದಿರಲಿಲ್ಲ. ಸೊಸೆ ಬಂದ ಮೇಲೆ ಹೇಳಿದರಾಯಿತು ಎಂದು ಬಿಟ್ಟಿರಬೇಕು. ಹೇಳಲು ಮರೆತರು.

ಖಾಲಿ ಬಂಬು! ಆ ಮನೆಯಲ್ಲಿ ಯಾರೂ ಕನಸಿನಲ್ಲೂ ಎಣಿಸುವಂಥದಲ್ಲ ಅದು. ಹಂಡೆಯಾಗಿದ್ದರೆ ಬಗ್ಗಿ ನೋಡುತ್ತಿದ್ದೆ. ತುಂಬಿದ ಹೊರತು ಕೊಡದ ಬಂಬಿನೊಳಗೆ ಯಾರು ಬಗ್ಗಿ ನೋಡುತ್ತಾರೆ? ನಸುಕಿನಲ್ಲಿ ಎದ್ದು, ಚಿಮಣಿಯ ಬೆಳಕಿನಲ್ಲಿ ಕೊಳವೆಗೆ ತೊಗರಿ ಕಟ್ಟಿಗೆ ತುಂಬಿ, ಮೇಲೆ ನನ್ನ ಜಾಲಿ ತುಂಡು ಇಟ್ಟು ಹಚ್ಚಿದೆ. ಉರಿ ಚೆನ್ನಾಗಿ ಎದ್ದಿತು. ಕೈ ಕಾಯಿಸಿಕೊಳ್ಳುತ್ತ ಕೂತೆ. ನೀರು ಕಾಯತೊಡಗಿದರೆ ಬಂಬ್ ಸಣ್ಣಗೆ ಗುಂಯ್‌ಗುಡುತ್ತಿತ್ತು. ಅಂದು ಸದ್ದೇ ಇಲ್ಲ. ಛಳಿಗೆ ತಡವಾಗುತ್ತಿದೆ ಎಂದುಕೊಂಡು ಇನ್ನೊಂದು ತುಂಡು ಹಾಕಿದೆ. ಸ್ವಲ್ಪ ಹೊತ್ತಿಗೆ ತಾಮ್ರದ ಮೈ ನೇರಳೆಯಾಗಿ, ಹಸಿರಾಗಿ ತಿರುಗಿತು. ಕೆಂಡದ ಮೇಲೆ ಏನೋ ಟಪ್ ಎಂದು ಬಿತ್ತು. ಬಗ್ಗಿ ನೋಡಿದರೆ ಬೆಳ್ಳಿಯಂಥ ಹನಿ. ಮತ್ತೊಂದು ಬಿತ್ತು. ಬೆಸುಗೆ ಕರಗಿ ಸೋರುತ್ತಿತ್ತು.

ಯೋಚನೆ ಮಾಡಲಿಲ್ಲ, ಸಂಜೆ ನಾನೇ ತಂದು ಪಕ್ಕದಲ್ಲಿಟ್ಟಿದ್ದ ಕೊಡವೆತ್ತಿ ತಣ್ಣೀರನ್ನೆಲ್ಲ ಬಾಯಿಗೆ ಸುರಿದೆ. ಸಿಡಿಲು ಬಡಿದಷ್ಟು ಸದ್ದು, ಮನೆಯ ತುಂಬ ಹಬೆ, ಬುಡದ ಕೂಡು ಬಿಟ್ಟು ನೀರು ಬೂದಿಯ ಜೊತೆ ಬಚ್ಚಲೆಲ್ಲ ಹರಿಯಿತು. ಎಲ್ಲರೂ ಎದ್ದು ಬಂದರು. ಮಾವ ಧೋತರ ಹಿಡಿದುಕೊಂಡು ನಿಂತಿದ್ದರು. ನನ್ನ ಗಂಡ ಅವರ ಹಿಂದೆ, ಕಣ್ಣು ಉಜ್ಜಿಕೊಳ್ಳುತ್ತ. ಅತ್ತೆ ತಲೆಯ ಮೇಲೆ ಕೈ ಹೊತ್ತು, 'ಅಯ್ಯ ಶಿವನ, ಮನಿ ಹಾಳ ಮಾಡಿದ್ಲೋ' ಎಂದು ಶುರುವಿಟ್ಟುಕೊಂಡರು. ಅದೇ ಹೊತ್ತಿಗೆ ಬಾಗಿಲಲ್ಲಿ ನನ್ನ ಅಪ್ಪ, ಕೈಯಲ್ಲಿ ಹಿತ್ತಾಳೆ ತಂಬಿಗೆ, ಹೆಗಲ ಮೇಲೆ ಗಂಟು.

'ಬರ್ರಿ ಬೀಗರ, ಚಲೋ ವ್ಯಾಳ್ಯಾಕ್ಕ ಬಂದ್ರಿ' ಎಂದರು ಮಾವ. 'ನಿಮ್ಮ ಮಗಳ ಪ್ರತಾಪ ನೋಡ್ರಿ. ನೀರ ಇಲ್ಲದ ಬಂಬಿಗಿ ಉರಿ ಹಚ್ಚ್ಯಾಳ. ಒಲಿ ಹಚ್ಚೂದರೆ ಕಲಿಸಿ ಕಳಸಬೇಕಿಲ್ಲರಿ?'

ನಾನು ಸುಮ್ಮನಿರುವವಳಲ್ಲ. 'ನಾ ಖಾಲಿ ಮಾಡಿಲ್ಲರಿ! ನಿನ್ನಿ ಅತ್ತಿ ತೊಳದಾರ. ತುಂಬಿಲ್ಲ, ನನಗ ಹೇಳೂ ಇಲ್ಲ. ಬೇಕಾರ ನೋಡ್ರಿ, ಹುಣಸಿ ನಾರ ಇನ್ನೂ ಇಲ್ಲೇ ಬಿದ್ದೈತಿ' ಎಂದು ಬಚ್ಚಲ ಮೂಲೆ ತೋರಿಸಿದೆ. ಹುಣಸೆ ನಾರಿನ ಜೊತೆ ಉಪ್ಪಿನ ಬಿಳಿ ಹೆಕ್ಕಳೆಗಳೂ ಅಲ್ಲಿ ಬಿದ್ದಿದ್ದವು.

ಅತ್ತೆ ಒಂದು ಗಳಿಗೆ ಆ ಮೂಲೆ ನೋಡಿದರು. ಅವರ ಮುಖ ಬಿಳಿಚಿದ್ದನ್ನು ನಾನು ಕಂಡೆ. ಆಮೇಲೆ ಮಾವನ ಕಡೆ ತಿರುಗಿ, 'ನಾ ಹೊರಗಷ್ಟ ತಿಕ್ಕೇನ್ರಿ. ಎದಕ್ಕ ಖಾಲಿ ಮಾಡ್ಲಿ ನಾ?' ಎಂದರು. ನನ್ನ ಗಂಡ ನೆಲ ನೋಡುತ್ತಿದ್ದರು. ಅವರು ಹಿಂದಿನ ದಿನವೆಲ್ಲ ಮನೆಯಲ್ಲೇ ಇದ್ದರು. ಬಂಬ್ ಮಲಗಿಸಲು ಕೈ ಹಚ್ಚಿದವರೂ ಅವರೇ ಇರಬೇಕು, ಅದನ್ನು ಅತ್ತೆ ಒಬ್ಬರೇ ಮಲಗಿಸಲು ಆಗುವಂಥದಲ್ಲ. ಒಂದು ಮಾತು ಆಡಲಿಲ್ಲ. ಅವರ ಜೊತೆ ನಲವತ್ತು ವರ್ಷ ಬಾಳಿದೆ, ಆ ಮಾತನ್ನು ಒಂದು ದಿನವೂ ತೆಗೆಯಲಿಲ್ಲ ಅವರು. ನಾನೂ ಕೇಳಲಿಲ್ಲ. ಏನೆಂದು ಕೇಳುವುದು?

'ಇಷ್ಟು ನಸುಕಿನಾಗ ಎದಕ್ಕ ಹಚ್ಚಿದ್ದಿ? ಯಾರ ಜಳಕಕ್ಕ?' ಎಂದು ಅತ್ತೆ ನನ್ನತ್ತ ತಿರುಗಿದರು. ಅಪ್ಪನ ಕಾಲಿಗೆ ಎಂದು ಅಪ್ಪನ ಎದುರಿಗೇ ಹೇಗೆ ಹೇಳಲಿ? ಆದರೆ ಅಪ್ಪನಿಗೆ ತಿಳಿಯಿತು. ಅವನು ಮೂಲೆಯ ಹುಣಸೆ ನಾರನ್ನೂ ನೋಡಿದ, ನಾನು ಒಲೆಯ ಪಕ್ಕ ಇಟ್ಟಿದ್ದ ಖಾಲಿ ಬಕೀಟನ್ನೂ ನೋಡಿದ. ತಂಬಿಗೆ ಕೆಳಗಿಟ್ಟು ಮಾವನಿಗೆ ಕೈಮುಗಿದ.

'ಹುಡಗಿ ತಪ್ಪ ಮಾಡೈತ್ರಿ. ಹೊಟ್ಟ್ಯಾಗ ಹಾಕ್ಕೋರಿ. ನಾ ಜತ್ತಕ್ಕ ಒಯ್ದು ಬೆಸಿಸಿಕೊಂಡು ಬರ್ತೀನ್ರಿ.'

'ಅಪ್ಪಾ! ನಾ ತಪ್ಪ ಮಾಡಿಲ್ಲ!' ಎಂದು ಚೀರಿದೆ.

'ನೀ ಸುಮ್ನಿರ ಯವ್ವಾ' ಎಂದ ಅಪ್ಪ. ನನ್ನ ಮುಖ ನೋಡಲಿಲ್ಲ.

ಬಂಡಿ ಕೊಡುತ್ತೇನೆ ಎಂದು ಮಾವ ಹೇಳಲಿಲ್ಲ. ಅಪ್ಪ ಕೇಳಲೂ ಇಲ್ಲ. ತಲೆಯ ಪಟಕ ಬಿಚ್ಚಿ ಸಿಂಬಿ ಸುತ್ತಿ, ಆ ತಾಮ್ರದ ಭಾರವನ್ನು ತಲೆಯ ಮೇಲೆ ಹೊತ್ತು, ಒಂದು ಕೈಯಲ್ಲಿ ತಂಬಿಗೆ ಹಿಡಿದು ಜತ್ತದ ದಾರಿ ಹಿಡಿದ. ಊರ ಜನ ಕಟ್ಟೆಗಳ ಮೇಲೆ ಕೂತು ನೋಡಿದರು. ಗುಡ್ಡಾಪುರದ ದಾರಿ ಆ ಕಡೆ, ಜತ್ತದ ದಾರಿ ಈ ಕಡೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಆ ಅಮಾವಾಸ್ಯೆ ಅವನಿಗೆ ದಾನಮ್ಮನ ದರ್ಶನ ತಪ್ಪಿತು. ಕಾಲಿಗೆ ತಣ್ಣೀರನ್ನೂ ಯಾರೂ ಕೊಟ್ಟಿರಲಿಲ್ಲ ಅಂದು.

ಮೂರನೆಯ ದಿನ ಬೆಳಗ್ಗೆ ತಿರುಗಿ ಬಂದ. ಕುತ್ತಿಗೆ ಒಂದು ಕಡೆಗೆ ವಾಲಿತ್ತು, ತಿರುಗಿಸಲು ಬರುತ್ತಿರಲಿಲ್ಲ. ಹಿಮ್ಮಡಿಯಿಂದ ರಕ್ತ ಒಸರಿ ಧೂಳಿನಲ್ಲಿ ಕಪ್ಪಾಗಿತ್ತು. ಕೈಯಲ್ಲಿ ಹಿತ್ತಾಳೆ ತಂಬಿಗೆ ಇರಲಿಲ್ಲ. ನಾನು ಅದನ್ನು ಕಂಡೆ. ಕಂಡರೂ ಎಲ್ಲಿ ಹೋಯಿತೆಂದು ಕೇಳಲಿಲ್ಲ, ಅಷ್ಟು ಸಿಟ್ಟಿನಲ್ಲಿದ್ದೆ. ಬಂಬನ್ನು ಇಳಿಸಿ ಅಪ್ಪ ಎಂದಿನಂತೆ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತ. 'ಸೋರತೈತೇನ ನೋಡಿ ಆಮ್ಯಾಲ ಹೋಗ್ರಿ' ಎಂದರು ಮಾವ.

ಈ ಸಲ ಅತ್ತೆಯೇ ನಿಂತು ತುಂಬಿಸಿದರು. ಸೊಂಡಿಯಿಂದ ನೀರು ಹನಿಯುವವರೆಗೆ ಕೊಡದ ಮೇಲೆ ಕೊಡ ಸುರಿದೆ. ಉರಿ ಹಚ್ಚಿದೆ. ಬಂಬ್ ಗುಂಯ್‌ಗುಟ್ಟಿತು. ಎಲ್ಲೂ ಸೋರಲಿಲ್ಲ. ಮಾವ ಹೆಗಲಿಗೆ ವಸ್ತ್ರ ಹಾಕಿಕೊಂಡು ಬಚ್ಚಲ ಕಡೆ ಹೊರಟರು. ಅಷ್ಟರಲ್ಲಿ ನಾನು ಬಾಯಿಗೆ ತಣ್ಣೀರು ಸುರಿದು ಸೊಂಡಿಯ ಕೆಳಗೆ ಬಕೀಟಿಟ್ಟು ತುಂಬಿಕೊಂಡೆ. ಕೈಯಿಟ್ಟು ನೋಡಿದೆ, ಸುಡುತ್ತಿತ್ತು. ಒಂದು ತಂಬಿಗೆ ತಣ್ಣೀರು ಬೆರೆಸಿ ಹದ ಮಾಡಿದೆ. ಮಾವನ ಮುಂದಿನಿಂದಲೇ ಬಕೀಟೆತ್ತಿಕೊಂಡು ಹಾದು, ಪಡಸಾಲೆ ದಾಟಿ, ಕಟ್ಟೆಯ ಬಳಿ ಅಪ್ಪನ ಕಾಲ ಬುಡದಲ್ಲಿ ಇಟ್ಟು ಕೂತೆ. ಹೊಡೆದರೆ ಹೊಡೆಯಲಿ, ಮನೆಯಿಂದ ಹೊರಗೆ ಹಾಕಿದರೆ ಹಾಕಲಿ. ಎರಡು ವರ್ಷದಿಂದ ನಾನು ಬೇಡಿದ್ದು ಇದೊಂದೇ.

'ಕಾಲ ಕೊಡಪ್ಪಾ' ಎಂದೆ.

ಅಪ್ಪ ನನ್ನ ಹಿಂದೆ ನೋಡಿದ. ಬಾಗಿಲಲ್ಲಿ ಅತ್ತೆ ನಿಂತಿದ್ದರು, ಅವರ ಹಿಂದೆ ಮಾವ. ಓಣಿಯಲ್ಲಿ ಇಬ್ಬರು ಮೂವರು ನಿಂತು ನೋಡುತ್ತಿದ್ದರು. ಅಪ್ಪ ಎರಡೂ ಕಾಲನ್ನು ಮೇಲಕ್ಕೆಳೆದು ಧೋತರದೊಳಗೆ ಮಡಚಿಕೊಂಡ.

'ಬ್ಯಾಡ ಯವ್ವಾ. ಮೊದಲ ಮಾವಾರ ಜಳಕ ಆಗ್ಲಿ. ಒಯ್ಯಿ ಒಳಗ.'

'ಅಪ್ಪಾ, ನಿನ್ನ ಸಲುವಾಗಿ—'

'ಒಯ್ಯಿ ಅಂದ್ನೆಲ್ಲ.'

ಆಗ ನಾನು ಆಡಿದ ಮಾತನ್ನು ಇಲ್ಲಿ ಬರೆಯಲು ನನಗೆ ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ, ಬೇರೆಯವರ ತಪ್ಪನ್ನೆಲ್ಲ ಬರೆದ ಮೇಲೆ ನನ್ನದನ್ನು ಮುಚ್ಚಿಡಬಾರದು. 'ನೀನೂ ಅವರವನ ಆದಿ. ಮಗಳಿಗಿಂತ ಅವರ ಬಂಬ್ ದೊಡ್ಡದಾತು ನಿನಗ. ಹೊತ್ಕೊಂಡು ತಿರಗ ಇನ್ನ. ನನ್ನ ಮಾರಿ ನೋಡಾಕ ಬರಬ್ಯಾಡ' ಎಂದೆ. ಓಣಿಯವರೆಲ್ಲ ಕೇಳುವಷ್ಟು ಜೋರಾಗಿ ಎಂದೆ.

ಅಪ್ಪ ಮೆಲ್ಲಗೆ ಇಳಿದು, ವಾರೆಗುತ್ತಿಗೆಯಲ್ಲೇ ಮಾವನಿಗೆ ಕೈಮುಗಿದು, ಸೊರಡಿಯ ದಾರಿ ಹಿಡಿದ. ಅತ್ತೆ ಬಂದು ನನ್ನ ಮುಂದಿನ ಬಕೀಟು ಎತ್ತಿಕೊಂಡರು. ಬಯ್ಯಲಿಲ್ಲ. ನೀರಿನಲ್ಲಿ ಬೆರಳಾಡಿಸಿ, 'ಹದಾ ಐತಿ' ಎಂದು ಒಳಗೆ ಒಯ್ದರು. ಮಾವ ಅದರಲ್ಲೇ ಜಳಕ ಮಾಡಿದರು.

ಮುಂದಿನ ಅಮಾವಾಸ್ಯೆಗೆ ಅಪ್ಪ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಗುಡ್ಡಾಪುರಕ್ಕೆ ಮಾತ್ರ ಹೋಗುತ್ತಿದ್ದನಂತೆ, ನಮ್ಮೂರು ಬಳಸಿ, ಹೊಲದ ಬದುವಿನ ಮೇಲೆ ಹಾದು. ಕಂಡವರು ಬಂದು ಹೇಳುತ್ತಿದ್ದರು. ಬರಬೇಡವೆಂದು ಹೇಳಿದವಳು ನಾನೇ, ಬಾ ಎಂದು ಹೇಳಿ ಕಳಿಸಬೇಕಾದವಳೂ ನಾನೇ. ಇವತ್ತು, ನಾಳೆ ಅನ್ನುತ್ತ ಕಳೆದೆ. ಅಷ್ಟು ಸೊಕ್ಕು ನನಗೆ. ಅವನು ಯಾಕೆ ಕಾಲು ಮಡಚಿಕೊಂಡ ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಗಲಿಲ್ಲ. ಆ ಬಕೀಟಿಗೆ ಅವನು ಕಾಲಿಟ್ಟಿದ್ದರೆ ಅವನು ಎದ್ದು ಹೋದ ಮೇಲೆ ಆ ಮನೆಯಲ್ಲಿ ಉಳಿಯಬೇಕಾದವಳು ನಾನು. ತಿಳಿದರೂ ಹೇಳಿ ಕಳಿಸಲಿಲ್ಲ.

ಬೇಸಿಗೆ ಬಂತು. ಒಂದು ಮಧ್ಯಾಹ್ನ ಸೊರಡಿಯ ಒಬ್ಬ ಹಿರಿಯ ಬಂದು ಕಟ್ಟೆಯ ಮೇಲೆ ಕೂತು, 'ನಿಮ್ಮಪ್ಪಗ ಮೈಯಾಗ ಆರಾಮಿಲ್ಲ. ಲಗೂನ ನಡಿ ತಂಗೀ' ಎಂದ. ಅವನ ದನಿಯಲ್ಲೇ ಗೊತ್ತಾಯಿತು. ಎರಡು ದಿನದ ಜ್ವರ, ಮೂರನೆಯ ದಿನ ಇಲ್ಲ.

ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ನಾನು ಹೋದಾಗ ಅಪ್ಪನನ್ನು ಅಂಗಳದಲ್ಲಿ ಗೋಡೆಗೆ ಒರಗಿಸಿ ಕೂಡಿಸಿದ್ದರು, ನಮ್ಮ ಕಟ್ಟೆಯ ಮೇಲೆ ಕೂಡುತ್ತಿದ್ದ ಹಾಗೇ. ಮೂರು ಕಲ್ಲು ಹೂಡಿ, ಮಣ್ಣಿನ ಗಡಿಗೆಯಲ್ಲಿ ನೀರು ಕಾಯಿಸಲು ಇಟ್ಟಿದ್ದರು. ಬಿಸಿಲು ತಲೆ ಸುಡುತ್ತಿತ್ತು. ಅಂಥ ಬಿಸಿಲಿನಲ್ಲಿ ಬಿಸಿನೀರು! ಬಂಧುಬಳಗವೆಲ್ಲ ಒಬ್ಬೊಬ್ಬರಾಗಿ ಒಂದೊಂದು ತಂಬಿಗೆ ಹಾಕಿದರು. ತಂಬಿಗೆಯನ್ನು ನೆರೆಮನೆಯಿಂದ ತಂದಿದ್ದರು. 'ನಮ್ಮ ತಂಬಿಗಿ ಎಲ್ಲೈತಿ ಯವ್ವಾ?' ಎಂದು ಕೇಳಿದೆ. ಅವ್ವ ಅಳುತ್ತಲೇ ಹೇಳಿದಳು: 'ಜತ್ತದಾಗ ಬೆಸಗಿ ಹಾಕಿದಾವಗ ಕೂಲಿಗಿ ಕೊಟ್ಟು ಬಂದಾನ. ನಿನಗ ಹೇಳಬ್ಯಾಡ ಅಂದಿದ್ದ.'

ನನ್ನ ಪಾಳಿ ಬಂತು. ತಂಬಿಗೆ ತುಂಬಿಕೊಂಡು ಬೆರಳು ಅದ್ದಿದೆ. ಸುಟ್ಟಿತು.

'ತಣ್ಣೀರ ತರ್ರಿ. ಭಾಳ ಕಾದೈತಿ' ಎಂದೆ.

ಯಾರೂ ಅಲುಗಾಡಲಿಲ್ಲ. 'ತರ್ರಿ ಅಂದ್ನೆಲ್ಲ, ಅವನ ಕಾಲ ಒಡದಾವ, ಉರಿತಾವ!' ಎಂದು ಮತ್ತೆ ಕೂಗಿದೆ. ನೀರು ಕಾಯಿಸುತ್ತಿದ್ದ ಮುದುಕಿ ನನ್ನ ಭುಜದ ಮೇಲೆ ಕೈಯಿಟ್ಟಳು. 'ಯವ್ವಾ, ಅವಗಿನ್ನ ಏನ ಸುಡತೈತಿ? ಹಾಕಿಬಿಡು.'

ನಾನು ಹಾಕಲಿಲ್ಲ. ಎದ್ದು ಹೋಗಿ ಬಾನಿಯಿಂದ ತಣ್ಣೀರು ತಂದು ಬೆರೆಸಿದೆ. ಮತ್ತೆ ಬೆರಳು ಅದ್ದಿ ಹದ ನೋಡಿದೆ. ಆಮೇಲೆ ಅವನ ಕಾಲ ಬುಡದಲ್ಲಿ ಕೂತು, ಹಿಮ್ಮಡಿಯ ಬಿರುಕುಗಳ ಮೇಲೆ ಸಣ್ಣಗೆ ಸುರಿದೆ. ಒಳಗೆ ಕೂತಿದ್ದ ಮಣ್ಣು ಬಿಟ್ಟುಕೊಂಡು ಹರಿಯಿತು. ಅಪ್ಪ ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ.